ಎಲ್ಲಿ ಇಳಿದುಕೊಳ್ಳಬೇಕೆಂದು ಹೇಳುತ್ತಿದ್ದವರು

ಮಧುಗಿರಿಯಿಂದ ಬೆಂಗಳೂರಿಗೆ ಹೊರಟವರು ಮೊದಲು ಬಸ್ಸಿನ ಏಜೆಂಟನ ಹತ್ತಿರ ಹೋಗುತ್ತಿರಲಿಲ್ಲ, ನಮ್ಮ ಗುಮಾಸ್ತರ ಜಗಲಿಗೆ ಹೋಗುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡಾಗ ಅದೇ ಜಗಲಿಯ ಮೇಲೆ ಅವರನ್ನು ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವು ಹಾಕಿದ್ದರು. ನಾನು ಹೋಗಿ ಕೈಮುಗಿದು ಪಕ್ಕಕ್ಕೆ ಸರಿಯುವಷ್ಟರಲ್ಲಿ ಕಳ್ಳಂಬೆಳ್ಳದ ಕಡೆಯವನೊಬ್ಬ ಚೀಲ ಹಿಡಿದುಕೊಂಡು ಬೀದಿಯಲ್ಲೇ ಕಕ್ಕಾಬಿಕ್ಕಿಯಾಗಿ ನಿಂತ. ಸುದ್ದಿ ಗೊತ್ತಿಲ್ಲದೆ ಬಂದಿದ್ದಾನೆ, ಪಾಪ. ನನ್ನ ಕಿವಿಯ ಹತ್ತಿರ ಬಂದು, “ಬೆಂಗ್ಳೂರ್ನಾಗೆ ಎಲ್ಲಿ ಇಳ್ಕಳಾದು ಅಂತ ಕೇಳಾನ ಅಂತ ಬಂದಿದ್ದೆ ಸ್ವಾಮಿ” ಅಂದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ನಾಳೆ ಕೋರ್ಟಿನ ಹತ್ರ ಬಾ, ನಾನೇ ಹೇಳ್ತೀನಿ” ಅಂದೆ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಗುಮಾಸ್ತರು, ಅಷ್ಟೇ. ಅದೇ ವಕೀಲರ ಆಫೀಸಿನಲ್ಲಿ ಅವರ ಕೈಕೆಳಗೆ ಹದಿನೈದು ವರ್ಷ ನಾನೂ ಗುಮಾಸ್ತನೇ ಆಗಿದ್ದೆ, ಆದರೆ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚೂ ಇತ್ತು. ಇರಲಿ, ಈಗ ಹೇಳಿ ಏನು ಪ್ರಯೋಜನ.

ವಕೀಲರ ಅಪೀಲು ಕಾಗದಗಳನ್ನು ಹೊತ್ತುಕೊಂಡು ಅವರು ಬೆಂಗಳೂರಿನ ದೊಡ್ಡ ಕೋರ್ಟಿಗೆ ತಿಂಗಳಿಗೆ ಒಂದೆರಡು ಸಲವಾದರೂ ಹೋಗಬೇಕಾಗಿತ್ತು. ತುಮಕೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಹೀಗೆ ಹೋಗಿ ಹೋಗಿ ಬೆಂಗಳೂರಿನ ಛತ್ರ, ಮಠ, ಹೋಟೆಲು ಎಲ್ಲವೂ ಅವರಿಗೆ ಬಾಯಿಪಾಠ. ಯಾವುದರಲ್ಲಿ ಬಾವಿಯ ನೀರು ಸಿಹಿ, ಯಾವುದರಲ್ಲಿ ಬಾಗಿಲಿನ ಅಗುಳಿ ಸರಿಯಿಲ್ಲ, ಯಾವ ಮಾಲೀಕ ಊಟಕ್ಕೆ ಎರಡನೇ ಸಲ ತುಪ್ಪ ಬಡಿಸುತ್ತಾನೆ, ಎಲ್ಲ ಹೇಳುತ್ತಿದ್ದರು. ಯಾರಾದರೂ ಬಂದು ಕೇಳಿದರೆ ತಕ್ಷಣ ಉತ್ತರ ಬರುತ್ತಿರಲಿಲ್ಲ. ಎಲೆಯನ್ನು ಪಂಚೆಯ ಮೇಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ದವಡೆಗೆ ಒತ್ತಿದ ಮೇಲೆ ಕೇಳುತ್ತಿದ್ದರು: “ಯಾವ ಕೆಲ್ಸ? ಎಷ್ಟು ದಿನ? ಜೊತ್ಯಾಗೆ ಯಾರು?”

ದೂರವನ್ನು ಅವರು ಮೈಲಿಯಲ್ಲಿ ಹೇಳುತ್ತಿರಲಿಲ್ಲ. ಒಂದು ಸಲ ಬಾಯಿಗೆ ಹಾಕಿದ ಎಲೆ ಅಡಿಕೆ ಮುಗಿದು ಉಗಿಯುವಷ್ಟರಲ್ಲಿ ನಡೆಯುವ ದೂರ ಒಂದು ಎಲಡಿಕೆ. “ಆ ಛತ್ರದಿಂದ ಕೋರ್ಟಿಗೆ ಎರಡು ಎಲಡಿಕೆ ಕಣ್ಲಾ” ಅನ್ನುತ್ತಿದ್ದರು. ನಮ್ಮ ಕಡೆಯವರಿಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು. ಅಗಿಯದವನು ಏನು ಮಾಡಬೇಕು ಅಂತ ನಾನೊಮ್ಮೆ ಕೇಳಿದ್ದಕ್ಕೆ, “ಅಗೀದೋನು ಊರಲ್ಲೇ ಬಿದ್ದಿರ್ಲಿ” ಅಂದರು.

ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬ ಸ್ಟೇಷನ್ನಿನ ಪಕ್ಕದಲ್ಲೇ ಇರುವ ಒಳ್ಳೆ ಹೋಟೆಲು ಹೇಳಿ ಅಂತ ಪಟ್ಟು ಹಿಡಿದು ಕೂತಿದ್ದ. ಕೊರಳಲ್ಲಿ ಚಿನ್ನದ ಸರ, ಬೆರಳಿಗೆ ಉಂಗುರ.

“ನಿನ್ನ ಯಾಪಾರ ಎಲ್ಲಯ್ಯ?” ಅಂದರು ಗುಮಾಸ್ತರು.

“ತರಗುಪೇಟ ಮಂಡೀಲಿ ಸಾಮಿ.”

“ಸ್ಟೇಷನ್ ಪಕ್ಕ ಮಲ್ಗಿ ದಿನಾ ತರಗುಪೇಟೆಗೆ ಜಟಕಾ ಮಾಡ್ಕೊಂಡು ಹೋಗ್ತೀಯಾ? ರೈಲು ಒಂದೇ ದಿನ ಹತ್ತೋದು, ಮಂಡಿಗೆ ದಿನಾ ಹೋಗೋದು. ರೈಲಿನ ಪಕ್ಕ ಯಾಕೆ ಮಲಗ್ತೀಯ, ಅದೇನು ನಿನ್ನ ಹೆಂಡ್ತೀನಾ?”

“ಅಯ್ಯೋ ರಾಮಾ, ಲೇದು ಲೇದು” ಅಂತ ಅವನು ತೆಲುಗಿನಲ್ಲಿ ಅಂದು ಕಿವಿ ಮುಟ್ಟಿಕೊಂಡ. ಮಂಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಊಟದ ಮನೆಯ ಅಟ್ಟ ಹೇಳಿ ಕಳಿಸಿದರು. ಆಮೇಲೆ ಅವನು ವರ್ಷಾವರ್ಷ ಒಂದು ಮೂಟೆ ಕಡಲೆಕಾಯಿ ತಂದು ಹಾಕುತ್ತಿದ್ದ.

ಅವರು ಜಿಪುಣರು ಅಂತ ಊರಲ್ಲಿ ಹೇಳುವವರಿದ್ದರು. ನಾನೂ ಹೇಳಿದ್ದೇನೆ. ಮೊದಲನೇ ಸಲ ಅವರ ಜೊತೆ ಬೆಂಗಳೂರಿಗೆ ಹೋದಾಗ ಮೂರು ಹೋಟೆಲು ಹತ್ತಿಸಿ ಇಳಿಸಿದ್ದರು. ಒಂದೊಂದರಲ್ಲೂ ಮಂಚ ಜರುಗಿಸಿ ಗೋಡೆ ನೋಡುವುದು. “ತಿಗಣೆ ಒರೆಸಿದ ರಕ್ತ ಎಷ್ಟೈತೆ ನೋಡ್ಲಾ, ಇದಕ್ಕೆ ಮುಕ್ಕಾಲು ರೂಪಾಯಿಯಂತೆ!” ಅಂತ ಹೋಟೆಲಿನವನ ಮುಂದೆಯೇ ಅನ್ನುವುದು. ಕೊನೆಗೆ ಛತ್ರಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ನನ್ನ ಹೊಸ ಚಪ್ಪಲಿ ಕಾಲು ಕಚ್ಚಿ ಬೊಕ್ಕೆ ಎದ್ದಿತ್ತು. ಮನಸ್ಸಿನಲ್ಲಿ ಚೆನ್ನಾಗಿ ಬೈದುಕೊಂಡೆ.

ಆದರೆ ಜಿಪುಣರು ಅನ್ನುವುದು ಪೂರ್ತಿ ನಿಜವಲ್ಲ. ಶಿರಾದ ಕಂಬಳಿ ವ್ಯಾಪಾರಿ ಸಾಹೇಬರೊಬ್ಬರು ಮಗನನ್ನು ಪರೀಕ್ಷೆಗೆ ಕಳಿಸುವಾಗ ಬಂದು, “ಗುಮಾಸ್ತ್ ಸಾಬ್, ಸಸ್ತಾ ಜಾಗ ಹೇಳಿ” ಅಂದರು. ಇವರು ತಲೆಯಾಡಿಸಿ, “ಪರೀಕ್ಷೆಗೆ ಹೋಗೋನಿಗೆ ಸಸ್ತಾ ಬ್ಯಾಡ ಸಾಹೇಬ್ರೇ. ಕಾಲು ದಣಿದ್ರೆ ತಲೆ ದಣೀತದೆ. ಒಂದು ರೂಪಾಯಿ ಆದ್ರೂ ಪರವಾಗಿಲ್ಲ, ಪರೀಕ್ಷೆ ಜಾಗದ ಪಕ್ಕದ ಬೀದೀಲೇ ಇಳ್ಸಿ” ಅಂದರು. ಕೆಲಸದ ತೂಕ ನೋಡಿ ಜಾಗದ ತೂಕ ಹೇಳುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ಒಂದು ಮಾತು: “ಪ್ಯಾಟೆಗೆ ಹೋದ ಮೊದಲ್ನೇ ದಿನ ಎಲ್ರೂ ಸಾವ್ಕಾರ್ರೇ ಕಣ್ಲಾ. ಕೊನೇ ದಿನ ನೋಡಿ ರೂಮು ಹಿಡೀಬೇಕು.” ಆ ಮಾತನ್ನು ನಾನೂ ಎಷ್ಟೋ ಜನಕ್ಕೆ ಹೇಳಿ ಜಾಣ ಅನ್ನಿಸಿಕೊಂಡಿದ್ದೇನೆ.

ಇನ್ನು ಹೇಳಬೇಕಾದದ್ದು ಒಂದಿದೆ. ಅದನ್ನು ಹೇಳದೆ ಇವರ ಬಗ್ಗೆ ಹೇಳಿದ ಹಾಗಾಗುವುದಿಲ್ಲ.

ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದವಳು. ಅವಳಿಗೂ ಆಗ ಹನ್ನೆರಡು ವರ್ಷ. ಹೊಟ್ಟೆನೋವು ಅಂತ ಶುರುವಾಗಿ, ಮಧುಗಿರಿಯ ಡಾಕ್ಟರು ನೋಡಿ, ತುಮಕೂರಿನವರು ನೋಡಿ, ಹೊಟ್ಟೆಯೊಳಗೆ ಗಡ್ಡೆಯಿದೆ, ಬೆಂಗಳೂರಿನಲ್ಲಿ ಕೊಯ್ಯಿಸಬೇಕು ಅಂದರು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಮಗು ನಿತ್ರಾಣವಾಗಿದೆ, ಒಂದೆರಡು ವಾರ ಆರೈಕೆ ಮಾಡಿ ಆಮೇಲೆ ಕೊಯ್ಯುವುದು, ಅದಾದ ಮೇಲೆ ಇನ್ನೊಂದು ತಿಂಗಳು ಅಂತ ಹೇಳಿದರು. ಹೆಂಗಸರ ವಾರ್ಡು, ಒಳಗೆ ತಾಯಿ ಮಾತ್ರ ಇರಬಹುದು. ಗಂಡಸರು ಬೆಳಿಗ್ಗೆ ಏಳಕ್ಕೆ ಬಂದು ನೋಡಿ, ಮತ್ತೆ ಸಾಯಂಕಾಲ ಬಂದು ಆರು ಗಂಟೆಗೆ ಹೊರಗೆ ಹೋಗಬೇಕು. ನಮ್ಮ ವಕೀಲರು ನನ್ನನ್ನು ಕರೆದು, “ಕೋರ್ಟಿನ ಕೆಲಸ ನೀನು ನೋಡಿಕೊ, ಅವರ ಜೊತೆಗೂ ಇರು” ಅಂತ ಕಳಿಸಿಕೊಟ್ಟರು.

ಆಸ್ಪತ್ರೆಯ ಗೇಟಿನ ಎದುರಿಗೇ ಒಂದು ಮಹಡಿ ಹೋಟೆಲು. ಹಸಿರು ಕಿಟಕಿಗಳು. ಬಾಗಿಲಿನ ಮೇಲೆ ದಿನಕ್ಕೆ ಎರಡು ರೂಪಾಯಿ ಅಂತ ಬೋರ್ಡು. ಗುಮಾಸ್ತರು ರಸ್ತೆಯ ಈ ಕಡೆ ನಿಂತು ಅದನ್ನು ಎಷ್ಟು ಹೊತ್ತು ನೋಡಿದರೋ. ಎಲೆಗೆ ಸುಣ್ಣ ಸವರಿದವರು ಬಾಯಿಗೆ ಹಾಕುವುದನ್ನೇ ಮರೆತು ಕೈಯಲ್ಲೇ ಹಿಡಿದುಕೊಂಡಿದ್ದರು. ಊರಿಗೆಲ್ಲ ಹೇಳುವವರು, ತಮಗೆ ಹೇಳಿಕೊಳ್ಳಲು ಆಗದೆ ನನ್ನ ಮುಖ ನೋಡಿದರು.

“ಏನ್ಲಾ ಮಾಡಾನ?”

ನಾನು ದೊಡ್ಡ ಜಾಣನ ಹಾಗೆ ಅವರ ಮಾತನ್ನೇ ಅವರಿಗೆ ಹೇಳಿದೆ. “ಕೊನೇ ದಿನ ನೋಡಿ ರೂಮು ಹಿಡೀಬೇಕು ಅಂತ ನೀವೇ ಅಂತೀರಲ್ಲ.”

“ಹೌದಲ್ವಾ” ಅಂದರು. ಧೈರ್ಯ ಬಂದಂತಾಯಿತು. “ಕೊಯ್ಯೋ ದಿನದಿಂದ ಇಲ್ಲಿಗೆ ಬಂದ್ಬುಡಾನ. ಆವಾಗ ಹತ್ರ ಇರ್ಬೇಕು. ಅಲ್ಲೀಗಂಟ ಛತ್ರ ಸಾಕು. ಈಗ್ಲೇ ಇಲ್ಲಿ ಸುರಿದ್ಬುಟ್ರೆ ಆವಾಗ ಏನ್ ಮಾಡಾದು?”

ಅದರಲ್ಲಿ ಏನು ತಪ್ಪಿತ್ತು ಹೇಳಿ. ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ. ಸ್ಟೇಷನ್ನಿನ ಆಚೆಗಿದ್ದ ನಮ್ಮವರ ಛತ್ರಕ್ಕೆ ಹೋಗಿ ಇಳಿದುಕೊಂಡೆವು. ಆಸ್ಪತ್ರೆಗೆ ಮೂರು ಎಲಡಿಕೆ.

ಮೊದಲನೇ ಸಾಯಂಕಾಲವೇ ಮಗಳು ಕೇಳಿದಳು. “ಅಪ್ಪಾ, ನೀನು ಎಲ್ಲಿ ಮಲಗ್ತೀಯ? ದೂರಾನಾ?” ಹೊಸ ಊರು, ಬಿಳೀ ಬಟ್ಟೆಯವರ ಓಡಾಟ, ಔಷಧದ ವಾಸನೆ, ಮಗುವಿನ ಕಣ್ಣಲ್ಲಿ ನೀರು ತುಂಬಿತ್ತು. ಗುಮಾಸ್ತರು ಕಿಟಕಿಯ ಆಚೆ ಕೈ ತೋರಿಸಿದರು.

“ಇಲ್ಲೇ ಕಣವ್ವ. ಅಗೋ, ಮಹಡಿ ಮೇಲೆ ಮೂರ್ನೇ ಕಿಟಕಿ. ದೀಪ ಹತ್ತುತ್ತಲ್ಲ, ಅದೇ ನಾನು.”

ಅವರ ಹೆಂಡತಿಯೂ ನಂಬಿದರು. ನಂಬದೆ ಏನು, ಆಕೆ ವಾರ್ಡಿನಿಂದ ಹೊರಗೆ ಬಂದವರೇ ಅಲ್ಲ. ಮರುದಿನ ಬೆಳಿಗ್ಗೆ ನಾವು ಬೆವರು ಒರೆಸಿಕೊಂಡು ಒಳಗೆ ಹೋದರೆ ಮಗಳು ನಗುತ್ತಿದ್ದಾಳೆ. “ನಾನು ಕೈ ಆಡಿಸ್ದೆ, ಕಾಣಿಸ್ತಾ?” “ಕಾಣ್ದೆ ಏನವ್ವ, ನಾನೂ ಆಡಿಸ್ದೆ” ಅಂದರು ಇವರು. ಇನ್ನೊಂದು ದಿನ, “ನಿನ್ನೆ ಬೇಗ ದೀಪ ಆರಿಸ್ಬುಟ್ಟೆ” ಅಂತ ದೂರು. “ನಿದ್ದೆ ಬಂದ್ಬುಡ್ತು ಕಣವ್ವ, ಇವತ್ತು ತಡ ಮಾಡಿ ಆರಿಸ್ತೀನಿ” ಅಂದುಬಿಟ್ಟರು. ಅಷ್ಟು ಹೇಳಿ ಹೊರಗೆ ಬಂದವರು, ಆ ಕಿಟಕಿಯ ರೂಮಿನಲ್ಲಿ ಯಾರಿದ್ದಾನೋ ಪುಣ್ಯಾತ್ಮ, ಅವನು ಇವತ್ತು ತಡವಾಗಿ ಮಲಗಲಿ ಅಂತ ರಸ್ತೆಯಲ್ಲಿ ನಿಂತು ಕೈ ಮುಗಿದರು. ನಾನು ನೋಡಿದೆ. ಅವತ್ತು ನನಗೆ ನಗು ಬಂತು.

ಒಂದು ಸಾಯಂಕಾಲ ದಾದಿ ಪುಸ್ತಕ ತಂದಳು. ಹೊತ್ತಲ್ಲದ ಹೊತ್ತಿನಲ್ಲಿ ಕರೆಸಬೇಕಾದರೆ ತಂದೆ ಎಲ್ಲಿರುತ್ತಾರೆ, ಬರೆಯಿರಿ ಅಂದಳು. ಗುಮಾಸ್ತರು ಬಾಯಿ ತೆರೆಯುವ ಮೊದಲೇ ಮಗಳು ಹಾಸಿಗೆಯಿಂದ, “ಎದುರು ಹೋಟ್ಲು, ಮಹಡಿ ಮೇಲೆ” ಅಂದಳು. ಪೆನ್ನು ನನ್ನ ಕೈಯಲ್ಲಿತ್ತು. ನಾನು ಅವರ ಮುಖ ನೋಡಿದೆ. ಅವರು ಮಗಳ ಮುಖ ನೋಡಿದರು. ಆಮೇಲೆ ನನಗೆ ಮೆಲ್ಲಗೆ ಕಣ್ಣಿನಲ್ಲೇ ಹೂಂ ಅಂದರು. ನಾನು ಬರೆದೆ. ಕೋರ್ಟಿನ ಕಾಗದ ಬರೆಯುವ ಕೈ ಇದು, ಒಂದು ಹೆಸರು ತಪ್ಪಾದರೆ ಜಮೀನು ಹೋಗುತ್ತದೆ ಅಂತ ಮೂರು ಸಲ ಓದಿ ನೋಡುವವನು ನಾನು. ಅದನ್ನು ಮಾತ್ರ ಗುಂಡಗೆ ಬರೆದು ಕೊಟ್ಟುಬಿಟ್ಟೆ. ಹೊರಗೆ ಬಂದ ಮೇಲೆ ಅವರು, “ಬೇಸ್ತುವಾರ ಕೊಯ್ತಾರಂತೆ. ಬುಧವಾರವೇ ಇಲ್ಲಿಗೆ ಬಂದ್ಬುಡಾನ, ಆವಾಗ ಬರ್ದಿದ್ದು ನಿಜ ಆಗ್ತದೆ” ಅಂದರು.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಛತ್ರದ ಬಾಗಿಲು ತೆಗೆದ ಮೇಲೆ ಹೊರಟೆವು. ಮಗಳಿಗೆ ಅಂತ ಮಾರುಕಟ್ಟೆಯಲ್ಲಿ ಎರಡು ಕಿತ್ತಳೆ ಕೊಂಡರು. ವಾರ್ಡಿನ ಬಾಗಿಲಿನಲ್ಲಿ ಅವರ ಹೆಂಡತಿ ನೆಲದ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಏಳಲೂ ಇಲ್ಲ, ಅಳಲೂ ಇಲ್ಲ.

“ಎಲ್ಲಿ ಹೋಗಿದ್ರಿ?” ಅಂದರು. “ಆಳು ಕಳಿಸಿದ್ವಲ್ಲ. ಅಂಥೋರು ಯಾರೂ ಇಲ್ಲ ಅಂದ್ರಂತಲ್ಲ.”

ಬೆಳಕು ಹರಿಯುವ ಮುಂಚೆ ಮಗುವಿಗೆ ಹೊಟ್ಟೆಯೊಳಗೇ ಗಡ್ಡೆ ಒಡೆದಿತ್ತು. ಡಾಕ್ಟರು ಬಂದಿದ್ದರು, ಮಾಡುವುದನ್ನೆಲ್ಲ ಮಾಡಿದ್ದರು. ಮಗು “ಅಪ್ಪನ್ನ ಕರೀರಿ” ಅಂದಿತ್ತು. ಆಳು ಎದುರು ಹೋಟೆಲಿಗೆ ಹೋಗಿ, ಬಾಗಿಲು ತಟ್ಟಿ, ಕೇಳಿ, ಬರಿಗೈಯಲ್ಲಿ ವಾಪಸು ಬಂದಿದ್ದ. ನಾವು ಬರುವ ಹೊತ್ತಿಗೆ ಪ್ರಾಣ ಹೋಗಿ ಒಂದು ಗಂಟೆಯ ಮೇಲಾಗಿತ್ತು.

ಗುಮಾಸ್ತರು ಮಗಳ ಹಾಸಿಗೆಯ ಹತ್ತಿರ ನಿಂತರು. ಕೂಗಲಿಲ್ಲ. ನನ್ನ ಕಡೆ ತಿರುಗಿ, “ಹೋಗ್ಲಾ, ಆ ಹೋಟ್ಲಿನೋರು ಆಳಿಗೆ ಏನಂದ್ರು ಕೇಳ್ಕೊಂಡ್ ಬಾ” ಅಂದರು. ಅದನ್ನು ಕೇಳಿ ಏನಾಗಬೇಕಿತ್ತು? ಆದರೆ ಆಗ ಅವರು ಏನು ಹೇಳಿದ್ದರೂ ಮಾಡುತ್ತಿದ್ದೆ. ರಸ್ತೆ ದಾಟಿ ಆ ಹೋಟೆಲಿನೊಳಗೆ ಮೊದಲ ಸಲ ಕಾಲಿಟ್ಟೆ.

ಹೋಟೆಲಿನ ಯಜಮಾನ ಒಳ್ಳೆಯ ಮನುಷ್ಯ. ವಿಷಯ ಕೇಳಿ ಎದ್ದು ನಿಂತ. “ಅಯ್ಯೋ ಶಿವನೇ. ಆಳು ಬಂದಿದ್ದ, ಪುಸ್ತಕ ನೋಡಿ ಮಧುಗಿರಿಯವರು ಯಾರೂ ಇಲ್ಲ ಅಂದೆ” ಅಂದ. ಆಮೇಲೆ ಸುಮ್ಮನಿರಬಾರದೇ? “ಅಲ್ಲ ಸ್ವಾಮಿ, ಒಂದು ಮಾತು ಬಂದು ಕೇಳಬಾರದಾಗಿತ್ತೆ? ಬೋರ್ಡಿನ ರೇಟು ಮಹಡಿಗೆ. ಆಸ್ಪತ್ರೆಗೆ ಬಂದವರಿಗೆ ಅಂತಲೇ ಮೆಟ್ಟಿಲ ಕೆಳಗೆ ಒಂದು ಕೋಣೆ ಇಟ್ಟಿದ್ದೇವೆ. ಎಂಟಾಣೆ. ಹದಿನೈದು ದಿನದಿಂದ ಖಾಲಿ ಬಿದ್ದಿದೆ” ಅಂದ. ಬಾಗಿಲು ತೆಗೆದು ತೋರಿಸಿಯೂ ಬಿಟ್ಟ. ಒಂದು ಚಾಪೆ, ಒಂದು ಹೂಜಿ, ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು.

ಬೆಂಗಳೂರಿನ ಹೋಟೆಲುಗಳನ್ನೆಲ್ಲ ಹತ್ತಿ ಇಳಿದು ಗೋಡೆ ನೋಡಿದವರು, ಮಗಳ ವಿಷಯಕ್ಕೆ ಬೋರ್ಡು ನೋಡಿ ಹಿಂದಿರುಗಿದ್ದರು. ಕೇಳಿದರೆ ಎಲ್ಲಿ ಆಸೆಯಾಗಿಬಿಡುತ್ತದೋ ಅಂತ ಹೆದರಿದ್ದರೋ ಏನೋ. ನನಗಾದರೂ ಹೊಳೆಯಬೇಡವೇ? ದಿನಾ ಎರಡು ಸಲ ಅದರ ಮುಂದೆಯೇ ಓಡಾಡಿದ್ದೆ, ದಂಡಪಿಂಡ.

ವಾಪಸು ಬಂದೆ. “ಏನಂದ್ರು?” ಅಂದರು.

“ಎಲ್ಲಾ ರೂಮೂ ಭರ್ತಿಯಂತೆ. ತಿಂಗಳಿಂದ ಒಂದೂ ಖಾಲಿ ಇರ್ಲಿಲ್ವಂತೆ. ಹೋಗಿದ್ರೂ ಸಿಗ್ತಿರ್ಲಿಲ್ಲ” ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಅವರು ನನ್ನನ್ನೇ ನೋಡಿದರು. “ಹಂಗಾ” ಅಂದರು. ಕೈಯಲ್ಲಿದ್ದ ಕಿತ್ತಳೆಗಳನ್ನು ಹಾಸಿಗೆಯ ಪಕ್ಕದಲ್ಲಿಟ್ಟರು.

ಅಲ್ಲೇ ನಮ್ಮವರ ರುದ್ರಭೂಮಿಯಲ್ಲಿ ಮಗುವನ್ನು ಮಣ್ಣು ಮಾಡಿ ಊರಿಗೆ ಬಂದೆವು. ಅಂದಿನಿಂದ ಹನ್ನೊಂದು ವರ್ಷ ಅವರು ಇದ್ದರು. ಕೆಲಸ ಬಿಡಲಿಲ್ಲ, ಜಗಲಿಗೆ ಬರುವವರಿಗೆ ಹೇಳುವುದನ್ನೂ ಬಿಡಲಿಲ್ಲ. ಮಗಳು ಹೋದ ದಿನಕ್ಕೆ ವರ್ಷಾವರ್ಷ ಬೆಂಗಳೂರಿಗೆ ಹೋಗಿ ಸಮಾಧಿಗೆ ಹೂವಿಟ್ಟು ಬರುತ್ತಿದ್ದರು. ಯಾರಾದರೂ ಆ ಮಾತು ಎತ್ತಿದರೆ, ನಾನು ಅಲ್ಲಿ ಇದ್ದರೆ, ನನ್ನ ಕಡೆ ಕೈ ತೋರಿಸಿ ಹೇಳುತ್ತಿದ್ದರು: “ಎದುರಿಗೇ ಇಳ್ಕಳಾನ ಅಂದ್ರೆ ರೂಮು ಖಾಲಿ ಇರ್ಲಿಲ್ಲ ಕಣಯ್ಯ. ಇವ್ನೇ ಹೋಗಿ ಕೇಳಿದ್ನಲ್ಲ. ಒಂದೂ ಇರ್ಲಿಲ್ಲ. ಏನ್ ಮಾಡಕಾಗ್ತದೆ?” ನಾನು ಹೌದು ಹೌದು ಅನ್ನುತ್ತಿದ್ದೆ. ಒಳಗೊಳಗೇ ಒಂದು ಸಮಾಧಾನವಿತ್ತು. ಬರೆಯಬಾರದ್ದನ್ನು ಬರೆದ ಪಾಪಿ ನಾನು, ಆದರೆ ಹೇಳಬಾರದ್ದನ್ನು ಹೇಳದೆ ಉಳಿಸಿಕೊಂಡೆ, ಆ ಜೀವಕ್ಕೆ ಅಷ್ಟಾದರೂ ಮಾಡಿದೆ ಅಂದುಕೊಂಡಿದ್ದೆ. ಆ ಒಂದು ಸುಳ್ಳು ನನ್ನ ಜೀವನದ ಒಳ್ಳೆಯ ಕೆಲಸ ಅಂತಲೇ ನಂಬಿದ್ದೆ.

ಗುಮಾಸ್ತರ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಮಾರನೇ ದಿನ ಅವರ ಹೆಂಡತಿ ಹೇಳಿಕಳಿಸಿದರು. ಹೋದೆ. ಆಫೀಸಿನ ಕಾಗದಗಳ ಒಂದು ಕಟ್ಟು ಕೊಟ್ಟು, ಕೂತುಕೋ ಅಂದರು.

“ನಿಂಗೊಂದು ಮಾತು ಹೇಳ್ಬೇಕು ಕಣಪ್ಪ. ಆ ಹೋಟ್ಲಿನಾಗೆ ಕೋಣೆ ಖಾಲಿ ಇತ್ತು. ಮೆಟ್ಲ ಕೆಳಗೆ. ಎಂಟಾಣೆ.”

“ನಿಮಗೆ ಯಾರು ಹೇಳಿದ್ರಮ್ಮ?”

“ಅವ್ರೇ. ಮೊದಲ್ನೇ ವರ್ಷ ಹೂವಿಡಾಕೆ ಹೋದಾಗ ಆ ಹೋಟ್ಲಿಗೆ ಹೋಗಿ ಕೇಳಿದ್ರಂತೆ. ಆವಯ್ಯ ಎಲ್ಲಾ ಹೇಳಿದ್ನಂತೆ, ಆವತ್ತು ನೀನು ಬಂದಿದ್ದು, ಕೋಣೆ ತೋರ್ಸಿದ್ದು, ಎಲ್ಲಾನೂ. ಆಮ್ಯಾಲೆ ವರ್ಷಾವರ್ಷ ಅದೇ ಕೋಣ್ಯಾಗೆ ಮಲಗಿ ಬರ್ತಿದ್ರು. ಆಸ್ಪತ್ರೆಗೆ ಹೋಗೋರಿಗೆಲ್ಲ ಅದನ್ನೇ ಹೇಳ್ತಿದ್ರು. ನೀನು ಜಗ್ಲಿ ಮ್ಯಾಗಿದ್ರೆ ಅವ್ರನ್ನ ಒಳಕ್ಕೆ ಕರ್ದು ಹೇಳ್ತಿದ್ರು.”

ಹೌದು, ಒಳಗೆ ಕರೆಯುತ್ತಿದ್ದರು. ನನ್ನ ಮುಂದೆ ಏನು ಗುಟ್ಟು ಅಂತ ನನಗೆ ಸಿಟ್ಟೂ ಬರುತ್ತಿತ್ತು.

“ಮತ್ತೆ ನನ್ನ ಮುಂದೆ ಖಾಲಿ ಇರ್ಲಿಲ್ಲ ಅಂತ ಯಾಕೆ ಹೇಳ್ತಿದ್ರು?” ಅಂದೆ.

“ನಿನಗೋಸ್ಕರ ಕಣಪ್ಪ. ಆ ಹುಡ್ಗ ನನ್ನ ಮನ್ಸು ನೋಯಬಾರ್ದು ಅಂತ ಹೇಳ್ಬುಟ್ಟವ್ನೆ, ನಂಗೆ ಗೊತ್ತಾಗೈತೆ ಅಂದ್ರೆ ನೊಂದ್ಕಂತಾನೆ, ಇರ್ಲಿ ಬುಡು ಅಂತಿದ್ರು.”

ಕಾಗದದ ಕಟ್ಟಿನ ದಾರವನ್ನು ಬಿಚ್ಚಿದೆ, ಕಟ್ಟಿದೆ. ಹನ್ನೊಂದು ವರ್ಷ ನಾನು ಅವರನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನನ್ನು ಕಾಯುತ್ತಿದ್ದರು. ಕಣ್ಣೀರು ತಡೆಯಲಾಗಲಿಲ್ಲ, ಆಕೆಯ ಮುಂದೆ ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟೆ.

“ಈಗ ಯಾಕಮ್ಮ ಹೇಳಿದ್ರಿ? ನನಗೂ ಗೊತ್ತಾಗದೆ ಹೋಗಿದ್ದರೆ ಆಗ್ತಿತ್ತಲ್ಲ.”

“ನೀವಿಬ್ರೂ ಒಬ್ಬರಿಗೊಬ್ರು ಆ ಸುಳ್ಳ ಹೇಳ್ಕಂತಿದ್ರಿ. ಒಳಗೆ ಕೂತು ಕೇಳ್ತಿದ್ದೋಳು ನಾನು” ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬೀದಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಹೇಳಿದರು.

“ಆವತ್ತು ಆಳು ಬರಿಗೈಲಿ ಬಂದ್ನಲ್ಲ, ಮಗಿಗೆ ಇನ್ನೂ ಮಾತಿತ್ತು. ಕಿಟಕಿ ಕಡೀಕೆ ತಿರುಗ್ಕಂಡು, ‘ಅಪ್ಪ ತಡ ಮಾಡಿ ಮಲಗೈತೆ ಕಣವ್ವ, ಎಬ್ಬಿಸ್ಬ್ಯಾಡಿ’ ಅಂತು. ಅದೊಂದನ್ನ ಮಾತ್ರ ಅವ್ರಿಗೆ ಕೊನೇಗಂಟ ಹೇಳಕಾಗ್ಲಿಲ್ಲ ಕಣಪ್ಪ.”